ಒಂದು ಕಿಲೋವಾಟ್ ಇನ್ವರ್ಟರ್ ಕಟ್ಟುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಇನ್ವರ್ಟರ್ ಕಟ್ಟುವುದನ್ನು ಕುರಿತು ಈ ಸಲ ಬಂದ ಪತ್ರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಉತ್ತರದಲ್ಲಿ ಹಾಕಿರುವ ಲೆಕ್ಕ ಮುಂದಿನ ಉತ್ತರಗಳಲ್ಲೂ ಬರುತ್ತದೆ. ಆದ್ದರಿಂದ ಅದನ್ನು ಮೊದಲು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು 1000 ವಾಟ್‌ನ ಇನ್ವರ್ಟರ್ ಒಂದನ್ನು ಕೈಯಾರೆ ಕಟ್ಟಬೇಕೆಂದಿದ್ದೇನೆ. ನನ್ನ ಬಳಿ 12 ವೋಲ್ಟ್, 100 ಆಂಪಿಯರ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿಗಳಿವೆ. ಅವನ್ನು ಸಮಾಂತರವಾಗಿ ಜೋಡಿಸಿ 12 ವೋಲ್ಟ್‌ನಲ್ಲೇ ಕಟ್ಟುವುದು ಸುಲಭವೆಂದು ಕೆಲವರು ಹೇಳುತ್ತಾರೆ. ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಳ್ಳಲೇಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ಇನ್ವರ್ಟರಿನ ವಿನ್ಯಾಸದಲ್ಲಿ ಮೊಟ್ಟಮೊದಲು ತೀರ್ಮಾನವಾಗಬೇಕಾದದ್ದು ಇದೇ. ಒಮ್ಮೆ ಬ್ಯಾಟರಿಯ ವೋಲ್ಟೇಜ್ ನಿಗದಿಯಾದರೆ ತಂತಿಯ ದಪ್ಪ, ಮಾಸ್ಫೆಟ್‌ಗಳ (ಕರೆಂಟನ್ನು ಹರಿಸಿ ಕಡಿಯುವ ಸ್ವಿಚ್ಚಿನಂಥ ಟ್ರಾನ್ಸಿಸ್ಟರುಗಳ) ಆಯ್ಕೆ, ಟ್ರಾನ್ಸ್‌ಫಾರ್ಮರಿನ ಸುತ್ತುಗಳು, ಫ್ಯೂಸು ಎಲ್ಲವೂ ಅದರ ಹಿಂದೆಯೇ ಬರುತ್ತವೆ, ಆಮೇಲೆ ಬದಲಾಯಿಸುವುದೆಂದರೆ ಹೊಸದಾಗಿ ಕಟ್ಟಿದಂತೆಯೇ.

ಇನ್ವರ್ಟರಿನ ದಕ್ಷತೆ ಶೇ. 85 ಎಂದು ಇಟ್ಟುಕೊಂಡರೆ 1000 ವಾಟ್ ಹೊರಗೆ ಕೊಡಲು ಸುಮಾರು 1176 ವಾಟ್ ಒಳಗೆ ಬೇಕು. 12 ವೋಲ್ಟ್‌ನಲ್ಲಿ ಇದು 98 ಆಂಪಿಯರ್. ಬ್ಯಾಟರಿ ಇಳಿದು 10.5 ವೋಲ್ಟ್‌ಗೆ ಬಂದಾಗ 112 ಆಂಪಿಯರ್. 24 ವೋಲ್ಟ್‌ನಲ್ಲಿ ಇವೆರಡೂ ಅರ್ಧವಾಗುತ್ತವೆ. ಬ್ಯಾಟರಿಯ ಮಟ್ಟಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ ಎಂಬುದನ್ನು ಗಮನಿಸಿ: ಸಮಾಂತರವಾಗಿ ಜೋಡಿಸಿದರೂ ಸರಣಿಯಲ್ಲಿ ಜೋಡಿಸಿದರೂ ಒಂದೊಂದು ಬ್ಯಾಟರಿಯ ಪಾಲಿಗೆ ಬರುವುದು ಸುಮಾರು 50 ಆಂಪಿಯರೇ. ಲಾಭವಿರುವುದು ಬ್ಯಾಟರಿಯಿಂದ ಈಚೆಗೆ. ಹೋಗಿ ಬರುವ ದಾರಿ ಸೇರಿ 2 ಮೀಟರ್ ಉದ್ದದ, 25 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಸುಮಾರು 1.4 ಮಿಲಿಓಮ್. ಕೇಳಲು ಇದು ಏನೂ ಅಲ್ಲವೆನಿಸುತ್ತದೆ. ಆದರೆ 100 ಆಂಪಿಯರ್ ಹರಿದಾಗ ಈ ತಂತಿಯೊಂದರಲ್ಲೇ 14 ವಾಟ್ ಶಾಖವಾಗುತ್ತದೆ, 50 ಆಂಪಿಯರಿನಲ್ಲಿ ಅದು 3.5 ವಾಟ್‌ಗೆ ಇಳಿಯುತ್ತದೆ. ಸರಿಯಾಗಿ ಒತ್ತದೆ ಬಿಟ್ಟ ಒಂದು ಲಗ್‌ನಲ್ಲಿ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿಯಲ್ಲಿ) 1 ಮಿಲಿಓಮ್ ಉಳಿದುಕೊಂಡರೆ 100 ಆಂಪಿಯರಿನಲ್ಲಿ ಆ ಒಂದೇ ಜಾಗದಲ್ಲಿ 10 ವಾಟ್ ಸುಡುತ್ತದೆ. ಹತ್ತು ನಿಮಿಷ ಲೋಡ್ ಕೊಟ್ಟು, ಇನ್ವರ್ಟರ್ ಆರಿಸಿ, ಪ್ರತಿಯೊಂದು ಲಗ್ಗನ್ನೂ ಬೆರಳಿನಿಂದ ಮುಟ್ಟಿ ನೋಡಿ: ಒಂದು ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ನಷ್ಟ ಎಲ್ಲಿದೆಯೆಂದು ನಿಮಗೆ ತಿಳಿದಂತಾಯಿತು.

ಹಾಗಾದರೆ ಕರೆಂಟ್ ಅರ್ಧವಾದಾಗ ಎಲ್ಲ ಕಡೆಯೂ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆಯೇ? ತಂತಿಯಲ್ಲಿ ಹೌದು, ಮಾಸ್ಫೆಟ್‌ನಲ್ಲಿ ಇಲ್ಲ. ಅನೇಕರು ಎಡವುವುದು ಇಲ್ಲಿಯೇ. ಪ್ರೈಮರಿಯ ನಡುಮೊನೆಗೆ ಬ್ಯಾಟರಿ ಕೊಟ್ಟು ಅದರ ಎರಡು ಅರ್ಧಗಳನ್ನು ಸರದಿಯಂತೆ ಆನ್ ಮಾಡುವ ಪುಶ್-ಪುಲ್ ಜೋಡಣೆಯಲ್ಲಿ ಆಫ್ ಆಗಿರುವ ಮಾಸ್ಫೆಟ್ ಬ್ಯಾಟರಿಯ ಎರಡರಷ್ಟು ವೋಲ್ಟೇಜನ್ನು ತಡೆದುಕೊಳ್ಳಬೇಕು. ಚಾರ್ಜ್ ಆಗುತ್ತಿರುವ 12 ವೋಲ್ಟ್ ಬ್ಯಾಟರಿ 14.4 ವೋಲ್ಟ್ ಇರುವುದರಿಂದ ಅದು ಸುಮಾರು 29 ವೋಲ್ಟ್ ಆಗುತ್ತದೆ. ಇದಕ್ಕೆ 55 ವೋಲ್ಟ್‌ನ ಐಆರ್‌ಎಫ್ 3205 ಸಾಕು. 24 ವೋಲ್ಟ್‌ನಲ್ಲಿ ಅದು 58 ವೋಲ್ಟ್ ಆಗುವುದರಿಂದ 100 ವೋಲ್ಟ್‌ನ ಮಾಸ್ಫೆಟ್ ಬೇಕಾಗುತ್ತದೆ. ಆದರೆ ತಡೆಯುವ ವೋಲ್ಟೇಜ್ ಹೆಚ್ಚಿದಷ್ಟೂ ಆನ್ ಆಗಿರುವಾಗಿನ ರೋಧವೂ ಹೆಚ್ಚುತ್ತದೆ: 3205ರಲ್ಲಿ ಅದು 8 ಮಿಲಿಓಮ್, ಅದರ 100 ವೋಲ್ಟ್‌ನ ಸೋದರನಂತಿರುವ ಐಆರ್‌ಎಫ್ 3710ರಲ್ಲಿ 23 ಮಿಲಿಓಮ್. ಒಂದೊಂದು ಬದಿಗೆ ನಾಲ್ಕು ಮಾಸ್ಫೆಟ್ ಹಾಕಿ, ಬಿಸಿಯಾದಾಗ ರೋಧ 1.6 ಪಟ್ಟಾಗುತ್ತದೆಂದು ಹಿಡಿದು ಲೆಕ್ಕ ಹಾಕಿದರೆ 12 ವೋಲ್ಟ್‌ನಲ್ಲಿ 32 ವಾಟ್ ನಷ್ಟ, 24 ವೋಲ್ಟ್‌ನಲ್ಲಿ 23 ವಾಟ್ ನಷ್ಟ. ಇದು ಲಾಭವೇ, ಆದರೆ ನಿರೀಕ್ಷಿಸಿದಷ್ಟಲ್ಲ. ಪುಶ್-ಪುಲ್ ಬಿಟ್ಟು ಫುಲ್ ಬ್ರಿಡ್ಜ್ (ನಾಲ್ಕು ಸ್ವಿಚ್ಚುಗಳು ಇಡೀ ಪ್ರೈಮರಿಯನ್ನು ಎರಡೂ ದಿಕ್ಕಿಗೆ ನಡೆಸುವ ಜೋಡಣೆ) ಕಟ್ಟಿದರೆ ಮಾಸ್ಫೆಟ್ ಮೇಲೆ ಬ್ಯಾಟರಿಯ ವೋಲ್ಟೇಜ್ ಮಾತ್ರ ಬೀಳುವುದರಿಂದ 24 ವೋಲ್ಟ್‌ಗೂ 3205 ಅನ್ನೇ ಬಳಸಬಹುದು, ನಷ್ಟ 16 ವಾಟ್‌ಗೆ ಇಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಎಂಟರ ಬದಲು ಹದಿನಾರು ಮಾಸ್ಫೆಟ್‌ಗಳನ್ನೂ, ಮೇಲಿನ ಸಾಲನ್ನು ಆನ್ ಮಾಡಲು ಐಆರ್ 2110ರಂಥ ಪ್ರತ್ಯೇಕ ಡ್ರೈವರನ್ನೂ ಹಾಕಬೇಕು.

ನನ್ನ ಸಲಹೆ 24 ವೋಲ್ಟ್. 500 ವಾಟ್‌ವರೆಗೆ 12 ವೋಲ್ಟ್ ಸಾಕೇ ಸಾಕು. 1000 ವಾಟ್‌ಗೆ ಅದು ಅಸಾಧ್ಯವಲ್ಲದಿದ್ದರೂ ಪ್ರತಿಯೊಂದು ಬೆಸುಗೆ, ಪ್ರತಿಯೊಂದು ಬೋಲ್ಟು ನಿಮ್ಮನ್ನು ಪರೀಕ್ಷೆಗೆ ಒಡ್ಡುತ್ತದೆ. ಸರಣಿ ಜೋಡಣೆಗೆ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು: ಎರಡರಲ್ಲಿ ಒಂದು ಬ್ಯಾಟರಿ ಸೊರಗಿದರೆ ಜೋಡಿಯೇ ಸೊರಗುತ್ತದೆ, ಮತ್ತು ಒಟ್ಟು ವೋಲ್ಟೇಜನ್ನಷ್ಟೇ ನೋಡುವ ಕಟ್-ಆಫ್ ಸರ್ಕ್ಯೂಟಿಗೆ ಅದು ತಡವಾಗಿ ತಿಳಿಯುತ್ತದೆ. ಒಂದೇ ಬಗೆಯ, ಒಂದೇ ವಯಸ್ಸಿನ ಬ್ಯಾಟರಿಗಳನ್ನೇ ಜೋಡಿಸಿ.

ಪ್ರಶ್ನೆ: ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಹಳೆಯ ಕಾಲದ್ದು, ಫೆರೈಟ್ (ಹೆಚ್ಚಿನ ಆವರ್ತನಕ್ಕೆ ಒಗ್ಗುವ, ಪಿಂಗಾಣಿಯಂಥ ಕಾಂತವಸ್ತು) ಬಳಸಿದರೆ ತೂಕವೂ ಇಳಿಯುತ್ತದೆ, ದಕ್ಷತೆಯೂ ಏರುತ್ತದೆ ಎಂದು ಓದಿದ್ದೇನೆ. ಮೊದಲ ಬಾರಿಗೆ ಕಟ್ಟುವವನು ಫೆರೈಟ್‌ನಿಂದಲೇ ಆರಂಭಿಸಬಹುದೇ?

ಉತ್ತರ: ಆರಂಭಿಸಬಾರದೆಂದೇ ನನ್ನ ಅಭಿಪ್ರಾಯ, ಕಾರಣಗಳನ್ನು ಹೇಳುತ್ತೇನೆ, ತೂಗಿ ನೋಡಿ ನೀವೇ ನಿರ್ಧರಿಸಿ.

ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿಗೆ ಎಷ್ಟು ವೋಲ್ಟ್ ಸಿಗುತ್ತದೆ ಎಂಬುದು ಆವರ್ತನ, ಕೋರ್‌ನ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಅದು ಹೊರಬಲ್ಲ ಕಾಂತಸಾಂದ್ರತೆ ಈ ಮೂರರ ಗುಣಲಬ್ಧವನ್ನು ಅವಲಂಬಿಸಿದೆ. 20 ಚದರ ಸೆಂಟಿಮೀಟರ್ ವಿಸ್ತೀರ್ಣದ ಕಬ್ಬಿಣದ ತಗಡಿನ ಕೋರ್ ತೆಗೆದುಕೊಂಡು 1.2 ಟೆಸ್ಲಾ, 50 ಹರ್ಟ್ಸ್‌ನಲ್ಲಿ ನಡೆಸಿದರೆ ಒಂದು ಸುತ್ತಿಗೆ 0.53 ವೋಲ್ಟ್ ಸಿಗುತ್ತದೆ; 230 ವೋಲ್ಟ್‌ಗೆ ಸುಮಾರು 430 ಸುತ್ತು ಸುತ್ತಬೇಕು. 3.5 ಚದರ ಸೆಂಟಿಮೀಟರಿನ ಫೆರೈಟ್ ಕೋರನ್ನು ಕೇವಲ 0.15 ಟೆಸ್ಲಾದಲ್ಲಿ, ಆದರೆ 50 ಕಿಲೋಹರ್ಟ್ಸ್‌ನಲ್ಲಿ ನಡೆಸಿದರೆ ಒಂದೇ ಸುತ್ತಿಗೆ 10 ವೋಲ್ಟ್‌ಗೂ ಮೀರಿ ಸಿಗುತ್ತದೆ. ಹತ್ತು ಕಿಲೋ ಆಸುಪಾಸಿನ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಹಿಡಿಸುವಷ್ಟಾಗುವುದು ಹೀಗೆ.

ಈ ಇಳಿಕೆಗೆ ತೆರಬೇಕಾದದ್ದು ಹಲವು ಕಡೆ ಇದೆ. ಪ್ರೈಮರಿಯಲ್ಲಿ ಎರಡೇ ಸುತ್ತು ಇರುವಾಗ ಒಂದೂವರೆ ಸುತ್ತು ಹಾಕಲು ಬಾರದು, ಆದ್ದರಿಂದ ಲೆಕ್ಕವನ್ನು ಸುತ್ತಿಗೆ ಒಗ್ಗಿಸಬೇಕಾಗುತ್ತದೆ. 50 ಕಿಲೋಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ ಸುಮಾರು 0.3 ಮಿಲಿಮೀಟರ್ ಆಳದಲ್ಲಷ್ಟೇ ಹರಿಯುವುದರಿಂದ ದಪ್ಪ ತಂತಿ ಸುತ್ತಿ ಪ್ರಯೋಜನವಿಲ್ಲ. ತಾಮ್ರದ ಹಾಳೆ ಇಲ್ಲವೇ ಬಿಡಿಬಿಡಿಯಾಗಿ ಎನಾಮಲ್ ಲೇಪಿಸಿದ ಸಣ್ಣ ಎಳೆಗಳನ್ನು ಹೊಸೆದ ತಂತಿ ಬೇಕು. ಬ್ಯಾಟರಿ 10.5 ವೋಲ್ಟ್‌ಗೆ ಇಳಿದಾಗಲೂ 380 ವೋಲ್ಟ್ ಡಿಸಿ ಸಿಗಬೇಕೆಂದು ಸುತ್ತುಗಳನ್ನು 1ಕ್ಕೆ 36ರಂತೆ ಇಟ್ಟರೆ, ಅದೇ ಬ್ಯಾಟರಿ 14.4 ವೋಲ್ಟ್ ಇದ್ದಾಗ ಸೆಕೆಂಡರಿಯಲ್ಲಿ 518 ವೋಲ್ಟ್ ಏಳುತ್ತದೆ. ಡಯೋಡ್‌ಗಳು ಅದನ್ನೂ ತಡೆಯಬೇಕು, ಪಲ್ಸ್‌ನ ಅಗಲವನ್ನು ಕಿರಿದುಗೊಳಿಸುವ ನಿಯಂತ್ರಣವೂ ಇರಬೇಕು. ಇಷ್ಟೆಲ್ಲ ಆದ ಮೇಲೆ ಕೈಗೆ ಬಂದಿರುವುದು ಇನ್ನೂ ಡಿಸಿಯೇ. ಅದನ್ನು 50 ಹರ್ಟ್ಸ್ ಎಸಿಯಾಗಿಸಲು ಎರಡನೆಯ ಹಂತದ ಬ್ರಿಡ್ಜ್ ಬೇರೆ ಬೇಕು, ಅದರ ನಷ್ಟವೂ ಒಟ್ಟಿಗೆ ಸೇರುತ್ತದೆ.

ಕಬ್ಬಿಣದ ಟ್ರಾನ್ಸ್‌ಫಾರ್ಮರಿಗೆ ಒಂದು ದೊಡ್ಡ ಗುಣವಿದೆ, ಅದು ತಾಳ್ಮೆ. ರೆಫ್ರಿಜರೇಟರಿನ ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಕೋರ್‌ನ ಕಾಂತಸಾಂದ್ರತೆಯನ್ನು ನಿರ್ಧರಿಸುವುದು ವೋಲ್ಟೇಜೇ ಹೊರತು ಲೋಡ್ ಕರೆಂಟ್ ಅಲ್ಲ. ಆದ್ದರಿಂದ ಆ ಕ್ಷಣದಲ್ಲಿ ಕೋರ್ ಸ್ಯಾಚುರೇಟ್ ಆಗುವುದಿಲ್ಲ (ತಾನು ಹೊರಬಲ್ಲ ಕಾಂತಸಾಂದ್ರತೆಯ ಮಿತಿ ಮುಟ್ಟುವುದಿಲ್ಲ), ಕಿಲೋಗಟ್ಟಲೆ ಇರುವ ತಾಮ್ರ ಮತ್ತು ಕಬ್ಬಿಣ ಒಂದೆರಡು ಸೆಕೆಂಡಿನ ಶಾಖವನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಫೆರೈಟ್ ವಿನ್ಯಾಸದಲ್ಲಿ ಅಷ್ಟೂ ಎಳೆತ ಮೊದಲ ಹಂತದ ಮಾಸ್ಫೆಟ್‌ಗಳ ಮೇಲೆ ಬೀಳುತ್ತದೆ; ಅವನ್ನು ಆ ಕ್ಷಣಕ್ಕಾಗಿಯೇ ದೊಡ್ಡದಾಗಿ ಇಡಬೇಕು, ಇಲ್ಲವೇ ಕರೆಂಟ್ ಮಿತಿಯ ಸರ್ಕ್ಯೂಟ್ ಅಡ್ಡ ಬಂದು ಕಂಪ್ರೆಸರ್ ಚಾಲೂ ಆಗದೆ ನಿಂತುಬಿಡುತ್ತದೆ. ಹೊತ್ತೊಯ್ಯಬೇಕಾದ ಸಾಧನಕ್ಕೆ, ಕಂಪ್ಯೂಟರ್ ಹಾಗೂ ದೀಪಗಳಂಥ ಲೋಡಿಗೆ ಫೆರೈಟ್ ಸೊಗಸಾದ ಆಯ್ಕೆ. ಒಂದೆಡೆ ಕೂತು ಮೋಟಾರು ತಿರುಗಿಸಬೇಕಾದ ಇನ್ವರ್ಟರಿಗೆ, ಅದರಲ್ಲೂ ನಿಮ್ಮ ಮೊದಲನೆಯದಕ್ಕೆ, ಕಬ್ಬಿಣವೇ ಇರಲಿ.

ಪ್ರಶ್ನೆ: ನಾನು ಕಟ್ಟಿದ ಮಾಡಿಫೈಡ್ ಸೈನ್ ವೇವ್ (ನಯವಾದ ಸೈನ್ ಅಲೆಯ ಬದಲು ಚೌಕಾಕಾರದ ಪಲ್ಸುಗಳನ್ನು ಕೊಡುವ) ಇನ್ವರ್ಟರಿನಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಆದರೆ ಚಾರ್ಜರುಗಳು ಸರಿಯಾಗಿ ನಡೆಯುತ್ತವೆ. ಪಲ್ಸಿನ ಅಗಲವನ್ನು ಬದಲಾಯಿಸಿ ಇದನ್ನು ಸರಿಪಡಿಸಬಹುದೇ?

ಉತ್ತರ: ಸ್ವಲ್ಪಮಟ್ಟಿಗೆ ಸಾಧ್ಯ. ಆದರೆ ಫ್ಯಾನಿಗೆ ಒಳ್ಳೆಯದಾದದ್ದು ಚಾರ್ಜರಿಗೆ ಅಷ್ಟು ಒಳ್ಳೆಯದಲ್ಲ.

230 ವೋಲ್ಟ್‌ನ ಸೈನ್ ವೇವ್‌ನ ಶಿಖರ 325 ವೋಲ್ಟ್. ಮಾಡಿಫೈಡ್ ಅಲೆಯಲ್ಲಿ ಶಿಖರವೂ 325, ಆರ್‌ಎಂಎಸ್ (ಅದೇ ಶಾಖ ಕೊಡುವ ಡಿಸಿಗೆ ಸಮನಾದ ಬೆಲೆ) ಕೂಡ 230 ಇರಬೇಕೆಂದರೆ ಪಲ್ಸ್ ಅರ್ಧ ಆವರ್ತದ ಸರಿಯಾಗಿ ಅರ್ಧಭಾಗ ಇರಬೇಕು. ಚಾರ್ಜರುಗಳು ನೋಡುವುದು ಶಿಖರವನ್ನು, ಆದ್ದರಿಂದ ಅವಕ್ಕೆ ಇದು ಸರಿಹೋಗುತ್ತದೆ. ಆದರೆ ಇಂಥ ಅಲೆಯಲ್ಲಿ 150 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟಿನಲ್ಲಿ ಬೆರೆತಿರುವ ಅಲೆ) ಮೂಲ ಅಲೆಯ ಮೂರನೆಯ ಒಂದು ಭಾಗದಷ್ಟು ಇರುತ್ತದೆ, ಒಟ್ಟು ವಿಕೃತಿ ಶೇ. 48. ಇದು ಬರಿಯ ಸ್ಕ್ವೇರ್ ವೇವ್‌ನಲ್ಲಿರುವಷ್ಟೇ ವಿಕೃತಿ ಎಂದರೆ ಹಲವರು ನಂಬುವುದಿಲ್ಲ, ಲೆಕ್ಕ ಹಾಕಿ ನೋಡಬಹುದು. ಪಲ್ಸನ್ನು ಅರ್ಧ ಆವರ್ತದ ಮೂರನೆಯ ಎರಡು ಭಾಗಕ್ಕೆ ಹಿಗ್ಗಿಸಿದರೆ ಮೂರನೆಯ ಹಾರ್ಮೋನಿಕ್ ಪೂರ್ತಿ ಮಾಯವಾಗಿ ವಿಕೃತಿ ಶೇ. 31ಕ್ಕೆ ಇಳಿಯುತ್ತದೆ, ಫ್ಯಾನಿನ ಗುಂಯ್‌ಗುಟ್ಟುವಿಕೆ ಕಡಿಮೆಯಾಗುತ್ತದೆ. ಆದರೆ ಆರ್‌ಎಂಎಸ್ 230ರಲ್ಲೇ ಉಳಿಯಬೇಕಾದರೆ ಶಿಖರವನ್ನು 282 ವೋಲ್ಟ್‌ಗೆ ಇಳಿಸಬೇಕು, ಎಂದರೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳನ್ನೇ ಬದಲಾಯಿಸಬೇಕು. ಅಗಲವೊಂದನ್ನೇ ಹಿಗ್ಗಿಸಿದರೆ ಆರ್‌ಎಂಎಸ್ 265ಕ್ಕೆ ಏರಿ ಫ್ಯಾನ್ ಸುಡುವ ದಾರಿ ಹಿಡಿಯುತ್ತದೆ. ಬ್ಯಾಟರಿ ಇಳಿಯುತ್ತ ಹೋದಂತೆ ನಿಯಂತ್ರಣ ಸರ್ಕ್ಯೂಟ್ ಪಲ್ಸನ್ನು ತಾನಾಗಿ ಅಗಲಿಸುವುದರಿಂದ ಈ ಮೂರನೆಯ ಎರಡರ ಬಿಂದುವಿನಲ್ಲಿ ಅದು ಸದಾ ನಿಲ್ಲುವುದೂ ಇಲ್ಲ. ದಿನವಿಡೀ ಮೋಟಾರು ನಡೆಯಬೇಕಾದ ಕಡೆ ಶುದ್ಧ ಸೈನ್ ವೇವ್ ಅನ್ನೇ ಕಟ್ಟಿ.

ಪ್ರಶ್ನೆ: 24 ವೋಲ್ಟ್‌ನದಲ್ಲ, 12 ವೋಲ್ಟ್‌ನ ಫೆರೈಟ್ ಪುಶ್-ಪುಲ್ ಕಟ್ಟಿದ್ದೇನೆ. ಎಲ್ಲ ಲೆಕ್ಕವೂ ಸರಿಯಿದೆ, ಆದರೂ ಲೋಡ್ 300 ವಾಟ್ ದಾಟಿದ ಕೂಡಲೇ 3205 ಮಾಸ್ಫೆಟ್‌ಗಳು ಒಂದೊಂದಾಗಿ ಸುಟ್ಟುಹೋಗುತ್ತವೆ. ಹೀಟ್ ಸಿಂಕ್ ಅಷ್ಟೇನೂ ಬಿಸಿಯಾಗಿರುವುದಿಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಪತ್ರದೊಂದಿಗೆ ಬಂದ ಚಿತ್ರದಲ್ಲಿ ಕೆಪಾಸಿಟರುಗಳು ಬೋರ್ಡಿನಿಂದ ಗೇಣುದ್ದ ದೂರದಲ್ಲಿ, ಎರಡು ಕೆಂಪು ಕಪ್ಪು ತಂತಿಗಳ ತುದಿಯಲ್ಲಿ ಕೂತಿವೆ. ತೊಂದರೆ ಅಲ್ಲಿದೆ.

ನೇರ ತಂತಿಯ ಪ್ರತಿ ಸೆಂಟಿಮೀಟರಿಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 5 ಸೆಂಟಿಮೀಟರ್ ಎಂದರೆ 50 ನ್ಯಾನೊಹೆನ್ರಿ. ಪೂರ್ಣ ಲೋಡಿನ 100 ಆಂಪಿಯರನ್ನು 100 ನ್ಯಾನೊಸೆಕೆಂಡಿನಲ್ಲಿ ಕಡಿದರೆ ಅಷ್ಟು ಸಣ್ಣ ತುಂಡೇ 50 ವೋಲ್ಟ್ ಏಳಿಸುತ್ತದೆ, ಅದು ಮೊದಲೇ ಇರುವ 29 ವೋಲ್ಟ್‌ನ ಮೇಲೆ ಕೂರುತ್ತದೆ. ನಿಮ್ಮ ತಂತಿ ಅದಕ್ಕಿಂತ ಬಹಳ ಉದ್ದವಿರುವುದರಿಂದ ಮೂರನೆಯ ಒಂದು ಭಾಗದ ಲೋಡಿನಲ್ಲೇ ಆ ಮಟ್ಟವನ್ನು ಮುಟ್ಟಿದ್ದೀರಿ. ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸ್ (ಪ್ರೈಮರಿಯಿಂದ ಸೆಕೆಂಡರಿಗೆ ತಲುಪದೆ ಸೋರುವ ಕಾಂತಕ್ಷೇತ್ರದಿಂದ ಬರುವುದು) ಇದಕ್ಕೆ ಇನ್ನಷ್ಟನ್ನು ಸೇರಿಸುತ್ತದೆ.

ನಾನು ಒಮ್ಮೆ ಇಂಥದೇ ಬೋರ್ಡೊಂದನ್ನು ಆಸಿಲೋಸ್ಕೋಪಿಗೆ ಹಚ್ಚಿ ಡ್ರೈನಿನ (ಮಾಸ್ಫೆಟ್‌ನ ಟ್ರಾನ್ಸ್‌ಫಾರ್ಮರಿನ ಕಡೆಯ ಕಾಲಿನ) ಅಲೆಯನ್ನು ಹಿಗ್ಗಿಸಿ ನೋಡಿದಾಗ, ಮಾಸ್ಫೆಟ್ ಆಫ್ ಆಗುವ ಅಂಚಿನಲ್ಲಿ ಚೂಪಾದ ಗೋಪುರವೊಂದು ಎದ್ದು, 60 ವೋಲ್ಟ್ ಹತ್ತಿರ ಅದರ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿತ್ತು. ಆ ಚಪ್ಪಟೆ ತುದಿಯನ್ನು ಕಂಡರೆ ಎಚ್ಚರಗೊಳ್ಳಬೇಕು. ಅಲ್ಲಿ ವೋಲ್ಟೇಜ್ ತಾನಾಗಿ ನಿಂತಿಲ್ಲ, ಮಾಸ್ಫೆಟ್ ತನ್ನ ಮಿತಿ ದಾಟಿ ಆ ಶಕ್ತಿಯನ್ನು ತನ್ನ ಮೈಯಲ್ಲೇ ಹೀರಿಕೊಳ್ಳುತ್ತಿದೆ. ಪ್ರತಿ ಆವರ್ತದಲ್ಲೂ, ಸೆಕೆಂಡಿಗೆ ಹತ್ತಾರು ಸಾವಿರ ಸಲ, ಹೀಗೆ ಹೀರಿಕೊಳ್ಳುವ ಸಣ್ಣ ಚಿಪ್ ಹೀಟ್ ಸಿಂಕ್‌ಗೆ ಬಿಸಿ ತಲುಪುವ ಮೊದಲೇ ಸಾಯುತ್ತದೆ. ಕೆಪಾಸಿಟರುಗಳನ್ನು ಮಾಸ್ಫೆಟ್‌ಗಳ ಸೋರ್ಸ್ (ಬ್ಯಾಟರಿಯ ಋಣದ ಕಡೆಯ ಕಾಲು) ಮತ್ತು ಟ್ರಾನ್ಸ್‌ಫಾರ್ಮರಿನ ನಡುಮೊನೆಯ ನಡುವೆ, ಎರಡು ಮೂರು ಸೆಂಟಿಮೀಟರಿನೊಳಗೆ ತಂದು ಕೂರಿಸಿದಾಗ ಅದೇ ಗೋಪುರ ಗಿಡ್ಡವಾಗಿ, ತುದಿ ಮತ್ತೆ ಚೂಪಾಯಿತು.

ಇನ್ನೊಂದು ಉಪಾಯವೆಂದರೆ ಗೇಟ್ (ಮಾಸ್ಫೆಟ್ಟನ್ನು ಆನ್-ಆಫ್ ಮಾಡುವ ಕಾಲು) ರೋಧವನ್ನು ಹೆಚ್ಚಿಸಿ ಮಾಸ್ಫೆಟ್ಟನ್ನು ನಿಧಾನವಾಗಿ ಆಫ್ ಮಾಡುವುದು. 100 ನ್ಯಾನೊಸೆಕೆಂಡನ್ನು 300ಕ್ಕೆ ಏರಿಸಿದರೆ ಆ 50 ವೋಲ್ಟ್ 17ಕ್ಕೆ ಇಳಿಯುತ್ತದೆ. ಆದರೆ ಆಫ್ ಆಗುವಾಗಿನ ನಷ್ಟ 50 ಕಿಲೋಹರ್ಟ್ಸ್‌ನಲ್ಲಿ 7 ವಾಟ್‌ನಿಂದ 21 ವಾಟ್‌ಗೆ ಏರುತ್ತದೆ. 50 ಹರ್ಟ್ಸ್‌ನಲ್ಲೇ ಸ್ವಿಚ್ ಆಗುವ ಕಬ್ಬಿಣದ ಪುಶ್-ಪುಲ್‌ನಲ್ಲಾದರೆ ಇದೇ ನಿಧಾನಕ್ಕೆ ತೆರಬೇಕಾದ ನಷ್ಟ ವಾಟಿನ ನೂರನೆಯ ಒಂದೆರಡು ಭಾಗ ಮಾತ್ರ. ಅಲ್ಲಿ ಎಷ್ಟು ನಿಧಾನ ಮಾಡಿದರೂ ಚಿಂತೆಯಿಲ್ಲ. ನಿಮ್ಮದರಲ್ಲಿ ಮೊದಲು ತಂತಿ ಗಿಡ್ಡ ಮಾಡಿ, ಪ್ರೈಮರಿಯನ್ನು ಸೆಕೆಂಡರಿಯ ಎರಡು ಅರ್ಧಗಳ ನಡುವೆ ಸುತ್ತಿ, ಒಂದೊಂದು ಮಾಸ್ಫೆಟ್‌ಗೂ ಪ್ರತ್ಯೇಕ ಗೇಟ್ ರೋಧ ಹಾಕಿ. ಗೇಟ್ ನಿಧಾನ ಮಾಡುವುದು ಕೊನೆಯ ಮದ್ದು.

ಪ್ರಶ್ನೆ: ಶುದ್ಧ ಸೈನ್ ವೇವ್‌ಗೆ ಸ್ವಿಚಿಂಗ್ ಆವರ್ತನ ಮತ್ತು ಡೆಡ್ ಟೈಮ್ ಎಷ್ಟಿರಬೇಕು?

ಉತ್ತರ: ಎಸಿ ಹೊರಗೆ ಕೊಡುವ ಬ್ರಿಡ್ಜಿಗೆ 20 ಕಿಲೋಹರ್ಟ್ಸ್ ಒಳ್ಳೆಯ ಆರಂಭ. ಅದಕ್ಕಿಂತ ಬಹಳ ಕೆಳಗಿಳಿದರೆ ಇಂಡಕ್ಟರ್ ಕೀರಲು ದನಿ ಹೊರಡಿಸುತ್ತದೆ, ಮೇಲೇರಿದರೆ ಸ್ವಿಚಿಂಗ್ ನಷ್ಟ ಅದೇ ಪ್ರಮಾಣದಲ್ಲಿ ಏರುತ್ತದೆ. ಫಿಲ್ಟರಿಗೆ 2 ಮಿಲಿಹೆನ್ರಿ ಮತ್ತು 4.7 ಮೈಕ್ರೊಫ್ಯಾರಡ್ ಇಟ್ಟರೆ ಅದರ ಅನುರಣನ 1.6 ಕಿಲೋಹರ್ಟ್ಸ್ ಹತ್ತಿರ, 50 ಹರ್ಟ್ಸ್ ಮತ್ತು 20 ಕಿಲೋಹರ್ಟ್ಸ್ ಎರಡರಿಂದಲೂ ಸಾಕಷ್ಟು ದೂರದಲ್ಲಿ ಬೀಳುತ್ತದೆ. ಕೆಪಾಸಿಟರನ್ನು ದೊಡ್ಡದು ಮಾಡಲು ಆಸೆಪಡಬೇಡಿ: 4.7 ಮೈಕ್ರೊಫ್ಯಾರಡ್ ಕೂಡ ಲೋಡ್ ಇಲ್ಲದಿರುವಾಗಲೇ 0.34 ಆಂಪಿಯರ್ ಎಳೆಯುತ್ತಿರುತ್ತದೆ, ಆ ಕರೆಂಟ್ ಬ್ರಿಡ್ಜನ್ನು ಬಿಸಿ ಮಾಡುತ್ತದೆ.

ಡೆಡ್ ಟೈಮ್ ಎಂದರೆ ಬ್ರಿಡ್ಜಿನ ಒಂದೇ ಕಾಲಿನ ಮೇಲಿನ ಮಾಸ್ಫೆಟ್ ಆಫ್ ಆಗಿ ಕೆಳಗಿನದು ಆನ್ ಆಗುವ ನಡುವೆ ಬಿಡುವ ಬಿಡುವು. 1 ಮೈಕ್ರೊಸೆಕೆಂಡ್ ಇಟ್ಟರೆ 50 ಮೈಕ್ರೊಸೆಕೆಂಡಿನ ಆವರ್ತದಲ್ಲಿ ಎರಡು ಸಲ ಬಂದು ಶೇ. 4ರಷ್ಟು ಸಮಯ ಹೋಗುತ್ತದೆ, ಅಲೆ ಸೊನ್ನೆ ದಾಟುವ ಕಡೆ ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ. ಆ ಮೆಟ್ಟಿಲನ್ನು ಸಹಿಸಿಕೊಳ್ಳಿ. ಕಡಿಮೆ ಮಾಡಲು ಹೋಗಿ ಎರಡೂ ಒಟ್ಟಿಗೆ ಆನ್ ಆದರೆ ಬ್ರಿಡ್ಜ್ ಉಳಿಯುವುದಿಲ್ಲ.

ಪ್ರಶ್ನೆ: ಏನೂ ಲೋಡ್ ಇಲ್ಲದಿದ್ದರೂ ನನ್ನ ಇನ್ವರ್ಟರ್ 20 ವಾಟ್ ತಿನ್ನುತ್ತದೆ. ಇದು ಹೆಚ್ಚಾಯಿತೇ?

ಉತ್ತರ: ದಿನಕ್ಕೆ ಅರ್ಧ ಗಂಟೆ ನಡೆಸುವಿರಾದರೆ ಲೆಕ್ಕಕ್ಕಿಲ್ಲ, ದಿನವಿಡೀ ಆನ್ ಇಡುವಿರಾದರೆ ಹೆಚ್ಚು. 24 ಗಂಟೆಯಲ್ಲಿ ಅದು 480 ವಾಟ್-ಅವರ್, 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯ ಒಟ್ಟು ಶಕ್ತಿಯ ಶೇ. 40. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಸುತ್ತುಗಳನ್ನು ಶೇ. 20ರಷ್ಟು ಹೆಚ್ಚಿಸಿ ಕಾಂತಸಾಂದ್ರತೆಯನ್ನು 1.2ರಿಂದ 1 ಟೆಸ್ಲಾಕ್ಕೆ ಇಳಿಸಿದರೆ ಕೋರ್‌ನ ನಷ್ಟ ಸುಮಾರು ಶೇ. 30 ಕಡಿಮೆಯಾಗುತ್ತದೆ. ಆದರೆ ಅದೇ ಕಿಂಡಿಯಲ್ಲಿ ಉದ್ದವಾದ, ತೆಳುವಾದ ತಂತಿಯನ್ನು ತುಂಬಬೇಕಾಗುವುದರಿಂದ ಲೋಡ್ ಇದ್ದಾಗಿನ ತಾಮ್ರದ ನಷ್ಟ ಶೇ. 44 ಏರುತ್ತದೆ. ನಿಮ್ಮ ಇನ್ವರ್ಟರ್ ಹೆಚ್ಚು ಹೊತ್ತು ಕಳೆಯುವುದು ಖಾಲಿಯಾಗಿಯೋ ತುಂಬಿದ ಲೋಡಿನಲ್ಲೋ ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಿ, ಆಮೇಲೆ ಸುತ್ತುಗಳನ್ನು ಮುಟ್ಟಿ.

ಪ್ರಶ್ನೆ: 400 ವೋಲ್ಟ್ ಡಿಸಿ ಹಂತದ ಕೆಪಾಸಿಟರಿಗೆ ಅಡ್ಡಲಾಗಿ ರೋಧವೊಂದನ್ನು ಹಾಕಿರುವುದನ್ನು ನಕ್ಷೆಯಲ್ಲಿ ನೋಡಿದೆ. ಅದು ಸುಮ್ಮನೆ ವಿದ್ಯುತ್ ವ್ಯಯಿಸುತ್ತದಲ್ಲ, ತೆಗೆದುಹಾಕಬಹುದೇ?

ಉತ್ತರ: ದಯವಿಟ್ಟು ತೆಗೆಯಬೇಡಿ. 470 ಮೈಕ್ರೊಫ್ಯಾರಡ್ ಕೆಪಾಸಿಟರಿನಲ್ಲಿ 400 ವೋಲ್ಟ್ ಇದ್ದಾಗ ಸುಮಾರು 38 ಜೌಲ್ ಶಕ್ತಿ ತುಂಬಿರುತ್ತದೆ, ಅದು ಪ್ರಾಣ ತೆಗೆಯಬಲ್ಲದು. ಬ್ಯಾಟರಿಯನ್ನು ಕಳಚಿದ ಮೇಲೂ ಅದು ಅಲ್ಲಿಯೇ ಕಾದಿರುತ್ತದೆ. 100 ಕಿಲೋಓಮ್ ರೋಧ ತಿನ್ನುವುದು 1.6 ವಾಟ್, ಅದು ನಿಜ. ಅದನ್ನು 470 ಕಿಲೋಓಮ್ ಮಾಡಿದರೆ ವ್ಯಯ ಅರ್ಧ ವಾಟ್‌ಗಿಂತ ಕೆಳಗಿಳಿಯುತ್ತದೆ, ಆದರೆ ವೋಲ್ಟೇಜ್ 50ಕ್ಕೆ ಇಳಿಯಲು ನೂರು ಸೆಕೆಂಡ್ ಸಾಕಾಗುತ್ತಿದ್ದಲ್ಲಿ ಏಳೂವರೆ ನಿಮಿಷಕ್ಕೂ ಮೀರಿ ಬೇಕಾಗುತ್ತದೆ. 100 ಕಿಲೋಓಮ್ ಅನ್ನೇ ಇಡಿ, ಬಿಸಿಯಾದರೂ ತಾಳುವಂತೆ 3 ವಾಟ್ ಅಥವಾ ಹೆಚ್ಚಿನದನ್ನು, 400 ವೋಲ್ಟ್ ತಡೆಯುವ ಬಗೆಯದನ್ನೇ ಆರಿಸಿ, ಬೇಕಿದ್ದರೆ ಎರಡನ್ನು ಸರಣಿಯಲ್ಲಿ ಹಾಕಿ. ರೋಧದ ಬೆಸುಗೆ ಬಿಟ್ಟುಹೋಗಿರಲೂಬಹುದಾದ್ದರಿಂದ, ಬೋರ್ಡಿಗೆ ಕೈ ಹಾಕುವ ಮೊದಲು ಪ್ರತಿ ಸಲವೂ ಮೀಟರನ್ನು ಕೆಪಾಸಿಟರಿನ ಎರಡು ಕಾಲುಗಳಿಗೆ ಹಿಡಿದು ವೋಲ್ಟೇಜನ್ನು ಓದಿಕೊಳ್ಳಿ.